ಆನಿಮೇಷನ್ ವಿಮರ್ಶೆಯಲ್ಲಿ ಗೆರೆ, ಬಣ್ಣದ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟವನ್ನು ತಪ್ಪದೆ ಓದುವವನು ನಾನು. ಆನಿಮೇಷನ್ ಚಿತ್ರದ ವಿಮರ್ಶೆ ಬಂದಾಗಲೆಲ್ಲ ನನ್ನದು ಒಂದೇ ತಕರಾರು. ಮುಕ್ಕಾಲು ಪಾಲು ಕಥೆ, ಧ್ವನಿ ಕೊಟ್ಟ ನಟರ ಹೆಸರು ಒಂದಿಷ್ಟು, ಕೊನೆಗೆ ‘ಕಣ್ಣಿಗೆ ಹಬ್ಬ, ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ’ ಎಂದು ಮುಗಿಸಿಬಿಡುತ್ತೀರಿ. ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಿಕೊಟ್ಟೇ ತಲೆ ನರೆತವನು ನಾನು. ಕಣ್ಣಿಗೆ ಹಬ್ಬ ಅಂದರೆ ಏನೂ ಹೇಳದ ಹಾಗೇ ಅಲ್ವಾ?

ಕ್ಯಾಮೆರಾ ಇಟ್ಟು ತೆಗೆದರೆ ನಟನ ಹಿಂದಿನ ಮರ ತಾನಾಗಿ ಬಂದುಬಿಡುತ್ತದೆ. ಆನಿಮೇಷನ್‌ನಲ್ಲಿ ಆ ಮರವನ್ನೂ ಯಾರೋ ಕೂತು ಮಾಡಬೇಕು. ಹೇಗೆ ಮಾಡಿದರು ಅನ್ನುವುದರಲ್ಲೇ ಅರ್ಧ ಕಥೆ ಇರುತ್ತದೆ.

ಜಪಾನಿನ ನಿರ್ದೇಶಕ ಇಸಾವೊ ತಕಹಾತಾ 2013ರಲ್ಲಿ ಮಾಡಿದ ‘ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯಾ’ ನೋಡಿ. ಬಿದಿರಿನಲ್ಲಿ ಸಿಕ್ಕ ಮಗು. ಹಳ್ಳಿಯಲ್ಲಿ ಕುಣಿದಾಡಿಕೊಂಡು ಬೆಳೆದವಳು ರಾಜಧಾನಿಗೆ ಹೋಗಿ ರಾಜಕುವರಿಯ ಹಾಗೆ ಪರದೆ ಹಿಂದೆ ಕೂರಬೇಕಾಗುತ್ತದೆ. ಇಡೀ ಚಿತ್ರ ತೆಳು ಗೆರೆ, ತೆಳು ಜಲವರ್ಣದಲ್ಲಿದೆ. ಅಂಚುಗಳಲ್ಲಿ ಬಿಳಿ ಕಾಗದವನ್ನು ಹಾಗೇ ಬಿಟ್ಟಿದ್ದಾರೆ. ಅವಳ ಹೆಸರಿಡುವ ಔತಣದಲ್ಲಿ ಕುಡಿದ ಗಂಡಸರು ಆಡುವ ಹಗುರ ಮಾತು ಅವಳ ಕಿವಿಗೆ ಬೀಳುತ್ತದೆ. ಎದ್ದು ಓಡುತ್ತಾಳೆ. ಆಗ ನಾಜೂಕು ಗೆರೆಯೆಲ್ಲ ಮಾಯವಾಗಿ ಇದ್ದಿಲಿನಲ್ಲಿ ಗೀಚಿದಂಥ ದಪ್ಪ, ಒರಟು ಗೆರೆಗಳು ಬರುತ್ತವೆ. ಬಣ್ಣವೂ ಬಹುಪಾಲು ಹೋಗುತ್ತದೆ. ಮೈಮೇಲಿನ ಉಡುಪು ಪದರ ಪದರವಾಗಿ ಕಳಚಿ ಹಾರುತ್ತದೆ. ಒಂದು ಹೊತ್ತಿಗೆ ಮುಖ ಎಲ್ಲಿ, ಕೂದಲು ಎಲ್ಲಿ ಗೊತ್ತಾಗದಷ್ಟು ಗೀಚು. ‘ನನಗಿದು ಬೇಡ’ ಎಂದು ಅವಳು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಇದನ್ನೇ ನುಣ್ಣಗೆ ಬಿಡಿಸಿದ್ದರೆ ಸುಮ್ನೆ ಒಬ್ಬಳು ಹುಡುಗಿ ಓಡುತ್ತಿದ್ದಾಳೆ ಅನ್ನಿಸುತ್ತಿತ್ತು, ಅಷ್ಟೆ.

ಕೈಯಲ್ಲಿ ಬಿಡಿಸಿದರೆ ಸರಿ, ಕಂಪ್ಯೂಟರಿನದ್ದಕ್ಕೆ ಜೀವ ಇರಲ್ಲ ಅನ್ನುವವರೂ ಇದ್ದಾರೆ. ಅವರು 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ನ ಕಾಡಿನ ದೃಶ್ಯ ನೋಡಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಅನುಭವಸ್ಥ ಸ್ಪೈಡರ್-ಮ್ಯಾನ್ ಪೀಟರ್‌ನ ಭಂಗಿ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಪಕ್ಕದಲ್ಲೇ ಹಾರುವ ಹುಡುಗ ಮೈಲ್ಸ್‌ನದ್ದು ಎರಡು ಫ್ರೇಮಿಗೆ ಒಮ್ಮೆ, ಅಂದರೆ ಸೆಕೆಂಡಿಗೆ 12. ಹಾಗಾಗಿ ಅವನು ತೊಡರುತ್ತ, ತಡವರಿಸುತ್ತ ಹೋಗುವ ಹಾಗೆ ಕಾಣುತ್ತಾನೆ. ಮುಂದೆ ಅವನಿಗೆ ಧೈರ್ಯ ಬಂದ ಮೇಲೆ ಅವನ ಚಲನೆಯೂ ನಯವಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದವರಿಗೂ ಹುಡುಗ ಇನ್ನೂ ಕಲಿಯುತ್ತಿದ್ದಾನೆ ಅನ್ನುವುದು ತಟ್ಟುತ್ತದೆ.

2020ರ ‘ವುಲ್ಫ್‌ವಾಕರ್ಸ್’ನಲ್ಲೂ ಅಷ್ಟೆ. ಕೋಟೆಯ ಊರಿಗೆ ಮರದಚ್ಚಿನಲ್ಲಿ ಒತ್ತಿದಂಥ ನೆಟ್ಟನೆ ಗೆರೆ. ಕಾಡಿಗೆ ಅಳಿಸದೆ ಬಿಟ್ಟ ಪೆನ್ಸಿಲ್ ಗೀಟುಗಳು.

ಹಾಗಂತ ಹೊಸ ಶೈಲಿ ಕಂಡ ಕೂಡಲೇ ಹೊಗಳಿ ಅನ್ನುತ್ತಿಲ್ಲ. 2017ರ ‘ಲವಿಂಗ್ ವಿನ್ಸೆಂಟ್’ಗೆ ಸುಮಾರು 65,000 ಫ್ರೇಮುಗಳನ್ನು ತೈಲವರ್ಣದಲ್ಲಿ ಬಿಡಿಸಿದರು. ಆ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ಬಣ್ಣ ಕುದಿಯುತ್ತಿದ್ದರೆ ಕಥೆ ಮಾತ್ರ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಹೇಗೆ ಸತ್ತ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋಗುತ್ತದೆ. ನನ್ನ ಮಟ್ಟಿಗೆ ಎರಡಕ್ಕೂ ತಾಳ ಕೂಡಲಿಲ್ಲ. ಇಂಥದ್ದನ್ನೂ ವಿಮರ್ಶಕರು ಹೇಳಬೇಕು. ಬೇರೆಯವರು ಒಪ್ಪದಿದ್ದರೆ ಜಗಳವಾಡಲಿ, ಒಳ್ಳೆಯದೇ.

ನನ್ನ ಕೋರಿಕೆ ದೊಡ್ಡದೇನಲ್ಲ. ಧ್ವನಿ ಕೊಟ್ಟ ತಾರೆಯರ ಜೊತೆ ಕಲಾ ನಿರ್ದೇಶಕರ ಹೆಸರನ್ನೂ ಹಾಕಿ. ಗೆರೆ, ಬಣ್ಣ, ಚಲನೆ ಕಥೆಗೆ ಕೂಡಿಬಂತೋ ಇಲ್ಲವೋ, ನಾಲ್ಕು ಸಾಲು ಬರೆಯಿಸಿ. ಜಾಗ ಸಾಲದಿದ್ದರೆ ಕಥೆಗೆ ಕತ್ತರಿ ಹಾಕಿ. ಈಗಂತೂ ಕ್ಲೈಮ್ಯಾಕ್ಸ್‌ವರೆಗೆ ಎಲ್ಲ ಹೇಳಿಬಿಡುತ್ತೀರಿ, ಅದು ಸ್ವಲ್ಪ ಜಾಸ್ತಿಯೇ ಆಯಿತು.

ಇತಿ,
ನಿಮ್ಮ ಓದುಗ, ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು