ರಾತ್ರಿ ಸಿಗದ ಸಿಸೇರಿಯನ್: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಸಿಸೇರಿಯನ್ ವಿಪರೀತವಾಗಿದೆ, ಕಡಿವಾಣ ಹಾಕಿ ಎಂಬ ಸಲಹೆ ನಿಮಗೆ ಆಗಾಗ ಬರುತ್ತಿರುತ್ತದೆ. ಅದು ಅರ್ಧ ಸತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಎಲ್ಲ ಸೇರಿಸಿ ಸರಾಸರಿ ಶೇ 21.5. ದುಡ್ಡಿರುವವರಿಗೆ ಬೇಡದಿದ್ದರೂ ಆಗುವ ಆಪರೇಷನ್, ಇಲ್ಲದವರಿಗೆ ಬೇಕಾದಾಗ ಸಿಗದ ಆಪರೇಷನ್, ಎರಡೂ ಈ ಸರಾಸರಿಯೊಳಗೆ ಕಾಣದಂತಾಗುತ್ತವೆ.

ತಾಲ್ಲೂಕು ಮಟ್ಟದಲ್ಲಿ ನಿಜವಾದ ಕೊರತೆ ಬಯಲಾಗುವುದು ರಾತ್ರಿ. ಸಿಸೇರಿಯನ್‌ಗೆ ಪ್ರಸೂತಿ ತಜ್ಞರು, ಅರಿವಳಿಕೆ ಕೊಡುವವರು, ಓಟಿ (ಆಪರೇಷನ್ ಥಿಯೇಟರ್) ನರ್ಸ್, ಹುಟ್ಟಿದ ಮಗುವಿಗೆ ಉಸಿರು ಕೊಡಬಲ್ಲವರು, ಹೊಂದುವ ರಕ್ತ ಎಲ್ಲವೂ ಒಂದೇ ಹೊತ್ತಿಗೆ ಬೇಕು. ಒಂದು ತಪ್ಪಿದರೆ ಉಳಿದ ನಾಲ್ಕೂ ಇದ್ದು ಪ್ರಯೋಜನವಿಲ್ಲ. ಅರಿವಳಿಕೆ ತಜ್ಞರು ಒಬ್ಬರೇ ಇದ್ದರೆ ಕಡತದಲ್ಲಿ ‘ಹುದ್ದೆ ಭರ್ತಿ’. ಅವರು ರಜೆ ಹಾಕಿದ ದಿನ ಬಾಗಿಲು ಮುಚ್ಚಿದಂತೆಯೇ. ಎಂಬಿಬಿಎಸ್ ವೈದ್ಯರಿಗೆ ಅರಿವಳಿಕೆ ತರಬೇತಿ ಇದೆ. ಆದರೆ ತರಬೇತಾದವರನ್ನು ಓಟಿಯೇ ಇಲ್ಲದ ಕಡೆಗೆ ವರ್ಗ ಮಾಡಿದರೆ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ.

ಆಗ ಉಳಿಯುವುದು ಬೇರೆ ಆಸ್ಪತ್ರೆಗೆ ಕಳಿಸುವ ರೆಫರ್ ಚೀಟಿ. ಅದರಲ್ಲಿ ಬಹಳ ಸಲ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಷ್ಟೇ ಇರುತ್ತದೆ. ನೋವು ಶುರುವಾದದ್ದು ಯಾವಾಗ, ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆ, ಮಗುವಿನ ಎದೆಬಡಿತ ಎಷ್ಟು, ಏನು ಔಷಧ ಕೊಟ್ಟಿದೆ, ಯಾವುದೂ ಇಲ್ಲ. ಮುಂದಿನ ಆಸ್ಪತ್ರೆಯಲ್ಲಿ ತಪಾಸಣೆ ಮತ್ತೆ ಮೊದಲಿನಿಂದ. ಈ ತಡದ ಬೆಲೆ ದೊಡ್ಡದು: ಮಗು ಹೊರಬರಲಾಗದೆ ಹೆರಿಗೆ ಅಡ್ಡಗಟ್ಟಿದಾಗ ಮಗುವಿನ ತಲೆ ಗಂಟೆಗಟ್ಟಲೆ ಮೂತ್ರಕೋಶವನ್ನು ಒತ್ತಿ ಅಲ್ಲಿನ ಅಂಗಾಂಶ ಸಾಯುತ್ತದೆ; ಮುಂದೆ ಫಿಸ್ಟುಲಾ, ಎಂದರೆ ಮೂತ್ರ ಸೋರುವ ರಂಧ್ರ, ಆಗಬಹುದು. ಗರ್ಭಕೋಶವೇ ಹರಿದರೆ ರಕ್ತಸ್ರಾವ ಹೊಟ್ಟೆಯೊಳಗೇ ಆಗುವುದರಿಂದ ಹೊರಗೆ ಹೆಚ್ಚು ಕಾಣದೇ ಇರಬಹುದು.

ಕಳಿಸಲೇಬೇಕಾದರೂ ವಿಧಾನವಿದೆ. ರಕ್ತನಾಳಕ್ಕೆ 16 ಅಥವಾ 18 ಗೇಜಿನ ಕ್ಯಾನುಲಾ (ದ್ರವ, ರಕ್ತ ಕೊಡುವ ನಳಿಕೆ) ಹಾಕಬೇಕು, ರಕ್ತದ ಗುಂಪು ಬರೆದಿರಬೇಕು, ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು, ಹೆರಿಗೆ ಹೇಗೆ ಮುಂದುವರಿದಿದೆ ಎಂದು ದಾಖಲಿಸುವ ಪಾರ್ಟೋಗ್ರಾಫ್ ಹಾಳೆ ಜೊತೆಗೆ ಹೋಗಬೇಕು, ಒಬ್ಬ ನರ್ಸ್ ಆಂಬುಲೆನ್ಸ್ ಹತ್ತಬೇಕು. ಎಲ್ಲಕ್ಕಿಂತ ಮೊದಲು ಆ ಕಡೆಯ ವೈದ್ಯರಿಗೆ ಫೋನ್ ಹೋಗಬೇಕು, ಗಾಡಿ ತಲುಪುವಷ್ಟರಲ್ಲಿ ಓಟಿ ಸಿದ್ಧವಿರಲಿ ಎಂದು.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ ಎನ್ನುತ್ತದೆ. ಆದರೂ ಹೊಲಿಗೆ ದಾರ ಮುಗಿದರೆ ಚೀಟಿ ಹೊರಗಿನ ಅಂಗಡಿಗೆ; ರಕ್ತಕ್ಕೆ ಬದಲಿ ದಾನಿಯನ್ನು ಕರೆತನ್ನಿ ಎಂಬ ಒತ್ತಾಯ. ಕೂಲಿ ಮಾಡುವ ಮನೆಯವರು ನಡುರಾತ್ರಿ ದಾನಿಯನ್ನು ಎಲ್ಲಿಂದ ತರಬೇಕು?

ಇನ್ನೊಂದು ತುದಿಯಲ್ಲಿ, ಖಾಸಗಿ ಆಸ್ಪತ್ರೆಗಳಲ್ಲಿ, ಬೇಡದ ಆಪರೇಷನ್ ಆಗುವ ಕಾರಣವೂ ಗುಟ್ಟೇನಲ್ಲ. ಚೊಚ್ಚಲ ಹೆರಿಗೆ ಹನ್ನೆರಡು ಗಂಟೆ ದಾಟಬಹುದು, ಆಪರೇಷನ್ ಸುಮಾರು ಒಂದು ಗಂಟೆ. ಬಿಲ್ಲು ಮಾತ್ರ ಆಪರೇಷನ್‌ಗೇ ಹೆಚ್ಚು. ವಿಮೆ ಯೋಜನೆಗಳಲ್ಲಿ ಎರಡಕ್ಕೂ ಒಂದೇ ದರ ಇಟ್ಟರೆ ಈ ಸೆಳೆತ ತಗ್ಗುತ್ತದೆ. ಅನಗತ್ಯ ಗಾಯದ ಬೆಲೆಯನ್ನು ಮುಂದಿನ ಬಸಿರು ತೆರುತ್ತದೆ: ಮಾಸು ಹಳೆಯ ಗಾಯಕ್ಕೇ ಅಂಟಿಕೊಂಡರೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು.

ದಯವಿಟ್ಟು ಆಸ್ಪತ್ರೆಗಳಿಗೆ ಶೇಕಡಾವಾರು ಗುರಿ ಕೊಡಬೇಡಿ. ಇಂತಿಷ್ಟೇ ಪ್ರಮಾಣ ಎಂದು ಬೆನ್ನುಹತ್ತದೆ, ಅಗತ್ಯವಿರುವ ಪ್ರತಿ ಹೆಣ್ಣಿಗೂ ಸಿಸೇರಿಯನ್ ಸಿಗುವಂತೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಗುರಿ ಕೊಟ್ಟರೆ ಸರ್ಕಾರಿ ವೈದ್ಯರು ಇನ್ನಷ್ಟು ರೆಫರ್ ಮಾಡುತ್ತಾರೆ, ಅಷ್ಟೆ. ಬದಲಿಗೆ ಹೆರಿಗೆಗೆ ಬಂದ ಹೆಂಗಸರನ್ನು ಅವರ ಸ್ಥಿತಿಗೆ ತಕ್ಕಂತೆ ವಿಂಗಡಿಸುವ ರಾಬ್ಸನ್ ವರ್ಗೀಕರಣದ ಹತ್ತು ಗುಂಪುಗಳ ಪಟ್ಟಿಯನ್ನು, ಪ್ರತಿ ಗುಂಪಿನ ಸಿಸೇರಿಯನ್ ಪ್ರಮಾಣದೊಂದಿಗೆ, ಖಾಸಗಿಯೂ ಸೇರಿ ಪ್ರತಿ ಆಸ್ಪತ್ರೆ ತಿಂಗಳಿಗೊಮ್ಮೆ ಪ್ರಕಟಿಸಲಿ. ಒಂದನೇ ಗುಂಪು ಎಂದರೆ ಚೊಚ್ಚಲು, ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿ ತಾನಾಗಿ ಬಂದ ನೋವು. ಇಲ್ಲಿ ಸಿಸೇರಿಯನ್ ತೀರಾ ಹೆಚ್ಚಿದ್ದರೆ ಕಾರಣ ಕೇಳಿ. ಒಂಬತ್ತನೆಯದು ಮಗು ಅಡ್ಡ ಮಲಗಿರುವ ಗುಂಪು. ಅಲ್ಲಿ ಬಹುತೇಕ ಎಲ್ಲರಿಗೂ ಆಪರೇಷನ್ ಆಗಲೇಬೇಕು. ತಾಲ್ಲೂಕು ಆಸ್ಪತ್ರೆಯ ಪುಸ್ತಕದಲ್ಲಿ ಈ ಗುಂಪು ವರ್ಷಪೂರ್ತಿ ಖಾಲಿಯಿದ್ದರೆ ಆ ಹೆಂಗಸರು ಎಲ್ಲಿಗೆ ಹೋದರೆಂದು ಹುಡುಕಿಸಿ. ಜೊತೆಗೆ ಇನ್ನೆರಡು ಅಂಕಣ ಸೇರಿಸಿ: ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಆದ ಸಿಸೇರಿಯನ್ ಎಷ್ಟು, ಅದೇ ಹೊತ್ತಿನಲ್ಲಿ ಹೊರಗೆ ಕಳಿಸಿದ್ದು ಎಷ್ಟು.

ಇಂತಿ,
ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡುವ ವೈದ್ಯರು ಮತ್ತು ನರ್ಸ್‌ಗಳು