ಸಹಿ ಬೇರೆ, ಸಮಾಧಾನ ಬೇರೆ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಾಗಲಿಲ್ಲ. ಪಕ್ಕದಲ್ಲೇ ನಿನ್ನ ಅಣ್ಣ ಕೂತಿದ್ದ. "ಅಣ್ಣನನ್ನು ಕ್ಷಮಿಸು ಅಂದರೆ ಮನೆಯ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕು ಅಂತ ಅರ್ಥಾನಾ ಅಮ್ಮ?" ಅಂದೆಯಲ್ಲ.

ಖಂಡಿತ ಅಲ್ಲ. ನಿಮ್ಮಪ್ಪ ಉಯಿಲು ಬರೆಯದೆ ಹೋದರು. ನಾವು ಕ್ರೈಸ್ತರು, ಹಾಗಾಗಿ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮನೆಯಲ್ಲಿ ಮೂರರಲ್ಲೊಂದು ಪಾಲು ನನಗೆ, ಉಳಿದದ್ದು ನಿಮ್ಮಿಬ್ಬರಿಗೂ ಸಮ. ವಿಶ್ವಾಸಿ ಹೆಣ್ಣುಮಗಳು ಪಾಲು ಕೇಳಬಾರದು ಅಂತ ನಿನಗೆ ಯಾರೋ ಬುದ್ಧಿ ಹೇಳಿದರಂತೆ. ಅವರು ಬೈಬಲಿನ ಅರಣ್ಯಕಾಂಡ 27ನೇ ಅಧ್ಯಾಯ ಓದಲಿ. ಐದು ಜನ ಅಕ್ಕತಂಗಿಯರು ಮೋಶೆಯ ಎದುರು ನಿಂತು ಅಪ್ಪನ ಪಾಲು ಕೇಳಿದರು. ಅವರು ಕೇಳಿದ್ದು ನ್ಯಾಯ ಅಂತ ದೇವರೇ ಹೇಳಿದ. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ನಿಜ. ಆದರೂ ಬಾಯಿಬಿಟ್ಟು ಕೇಳಿದ್ದಕ್ಕೆ ದೇವರು ಗದರಲಿಲ್ಲ ಅಲ್ವಾ?

ನನಗಿರುವ ಸಂಕಟ ಬೇರೆ. ಅಪ್ಪನ ವರ್ಷದ ಪ್ರಾರ್ಥನೆಯ ದಿನ ನೀನು ಚಹಾ ಲೋಟವನ್ನು ಅತ್ತಿಗೆಯ ಕೈಗೆ ಕೊಟ್ಟು "ಅವರಿಗೆ ಕೊಡಿ" ಅಂದೆ. ನಿನ್ನ ಅಣ್ಣ ಎರಡೇ ಮಾರು ದೂರದಲ್ಲಿದ್ದ. ಚಹಾ ಕೆನೆಗಟ್ಟುವವರೆಗೂ ಅವನು ಅದನ್ನು ಮುಟ್ಟಲಿಲ್ಲ. ಪಾಲಿನ ಜಗಳಕ್ಕಿಂತ ಅದೇ ನನಗೆ ಜಾಸ್ತಿ ಚುಚ್ಚಿತು.

ಯಾಕೋಬ, ಏಸಾವರ ಕಥೆ ನಿನಗೆ ಸಂಡೇ ಸ್ಕೂಲಿನಿಂದ ಗೊತ್ತು: ಅಣ್ಣ ಏಸಾವನಿಗೆ ಸಿಗಬೇಕಿದ್ದ ಅಪ್ಪನ ಆಶೀರ್ವಾದವನ್ನು ಮೋಸದಿಂದ ಪಡೆದು ಓಡಿಹೋಗಿದ್ದ ತಮ್ಮ ಯಾಕೋಬ, ವರ್ಷಗಳ ಮೇಲೆ ವಾಪಸ್ ಬರುತ್ತಾನೆ. ಅಲ್ಲಿ ಅಪ್ಪಿಕೊಂಡು ಅತ್ತರು ಅನ್ನುವಲ್ಲಿಗೆ ಪಾಠ ಮುಗಿಸಿಬಿಡುತ್ತಾರೆ. ಈಗ ಆದಿಕಾಂಡ 32, 33 ನಿಧಾನವಾಗಿ ಓದು. ಅಣ್ಣ 400 ಜನರನ್ನು ಕರೆದುಕೊಂಡು ಬರುತ್ತಿದ್ದಾನೆ ಅಂತ ಕೇಳಿದ್ದೇ ಯಾಕೋಬನ ಜೀವ ಬಾಯಿಗೆ ಬಂತು. ಪ್ರಾರ್ಥನೆ ಮಾಡಿದ. ಮಾಡಿ ಸುಮ್ನೆ ಕೂರಲಿಲ್ಲ. 200 ಮೇಕೆ, 200 ಕುರಿ, ಮರಿ ಸಮೇತ 30 ಹಾಲು ಕೊಡುವ ಒಂಟೆ, 40 ಹಸು, ಇನ್ನೂ ಏನೇನೋ, ಎಲ್ಲವನ್ನೂ ಮುಂದೆ ಕಳಿಸಿದ. ಅದೂ ಒಟ್ಟಿಗಲ್ಲ, ಮಂದೆ ಮಂದೆಯ ನಡುವೆ ಜಾಗ ಬಿಟ್ಟು. ಒಂದು ದಾಟಿ ಹೋಗುವಷ್ಟರಲ್ಲಿ ಇನ್ನೊಂದು ಎದುರಾಗಬೇಕು, ಅಣ್ಣನ ಸಿಟ್ಟು ಹಂತಹಂತವಾಗಿ ಇಳಿಯಬೇಕು. ಎಂಥ ಲೆಕ್ಕಾಚಾರದ ಮನುಷ್ಯ ನೋಡು! ಆಮೇಲೆ ತಾನೇ ಮುಂದೆ ಹೋಗಿ ಏಳು ಸಾರಿ ನೆಲಕ್ಕೆ ಬಗ್ಗಿದ. ಏಸಾವ ಮಾತ್ರ ಲೆಕ್ಕ ಹಾಕಲಿಲ್ಲ. ಓಡಿ ಬಂದು ತಬ್ಬಿಕೊಂಡ. ನನಗೆ ಅವನೇ ಇಷ್ಟ.

ಅದರ ಮುಂದಿನ ನಾಲ್ಕು ಸಾಲು ಇನ್ನೂ ಮುಖ್ಯ. ಒಟ್ಟಿಗೆ ಹೋಗೋಣ ಅಂತ ಏಸಾವ ಕರೆದ. ಮಕ್ಕಳು ಎಳೆಯರು, ನೀನು ಮುಂದೆ ಹೋಗು, ನಾನು ನಿಧಾನವಾಗಿ ನಿನ್ನ ಸೇಯೀರ್ ಸೀಮೆಗೆ ಬರುತ್ತೇನೆ ಅಂದ ಯಾಕೋಬ. ಆದರೆ ಹೋಗಿದ್ದು ಬೇರೆ ಕಡೆಗೆ, ಸುಕ್ಕೋತಿಗೆ. ಒಂದೇ ಮನೆಯಲ್ಲಿ ಇರಲಿಲ್ಲ, ಹಳೇ ಲೆಕ್ಕವನ್ನೆಲ್ಲ ಕೂತು ಬಿಡಿಸಲಿಲ್ಲ. ಆದರೂ ಅಪ್ಪ ಇಸಾಕ ಸತ್ತಾಗ ಇಬ್ಬರೂ ಸೇರಿ ಮಣ್ಣು ಮಾಡಿದರು. ಅಷ್ಟು ಸಮಾಧಾನ ನಿಮ್ಮಿಬ್ಬರ ನಡುವೆ ಬಂದರೆ ನನಗೆ ಸಾಕು.

ಯಾರದು ಸರಿ ಅಂತ ನನ್ನನ್ನು ಕೇಳಬೇಡ. ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಅಂತ ಒಬ್ಬ ಕೇಳಿದಾಗ ಯೇಸುವೇ ನ್ಯಾಯಾಧಿಪತಿಯಾಗಲು ಒಪ್ಪಲಿಲ್ಲ (ಲೂಕ 12). ನಾನು ಹೆತ್ತವಳು, ಒಪ್ಪುತ್ತೇನಾ? ಅದನ್ನು ವಕೀಲರ ಎದುರು, ಕಾಗದದ ಮೇಲೆ ಮಾಡಿಕೊಳ್ಳೋಣ. ಅಪೊಸ್ತಲ ಪೌಲನೂ ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಸಮಾಧಾನದಿಂದಿರಿ ಅಂತಲೇ ರೋಮದವರಿಗೆ ಬರೆದ. ಅಣ್ಣನ ಪಾಲಿನ ಸಮಾಧಾನ ನಿನ್ನ ತಲೆನೋವಲ್ಲ.

ಒಂದು ವಿಷಯ ನಿನಗೆ ಗೊತ್ತಿಲ್ಲ. ಚರ್ಚಿನಲ್ಲಿ ಕರ್ತನ ಭೋಜನದ ಭಾನುವಾರ ರೊಟ್ಟಿ, ದ್ರಾಕ್ಷಾರಸ ತಗೊಳ್ಳಲು ಎಲ್ಲರೂ ಎದ್ದು ಮುಂದೆ ಹೋದರೂ ನಿನ್ನ ಅಣ್ಣ ಬೆಂಚಿನಿಂದ ಏಳುವುದಿಲ್ಲ. ಯಾಕೆ ಅಂತ ಅತ್ತಿಗೆ ಕೇಳಿದ್ದಕ್ಕೆ "ಮತ್ತಾಯ 5 ಓದು" ಅಂದನಂತೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅನ್ನುವ ಮಾತು. ಓದಿದ್ದಾನೆ, ಹೋಗುವ ಧೈರ್ಯ ಇಲ್ಲ. ಗಂಡಸರ ಕಥೆ ಇಷ್ಟೇ.

ಗುಡ್ ಫ್ರೈಡೇ ರಜೆಗೆ ಬರುತ್ತೀಯಲ್ಲ, ಅದಕ್ಕೆ ಮುಂಚೆ ಒಂದು ಸಲ ಅವನಿಗೆ ಫೋನ್ ಮಾಡು. ಮನೆ ವಿಷಯ ಎತ್ತಬೇಡ. ಮಂಡಿ ನೋವು ಹೇಗಿದೆ ಅಂತ ಕೇಳು. ಅಣ್ಣಾ ಅಂತಲೇ ಕರೆ. ಫೋನ್ ಎತ್ತದಿದ್ದರೆ ಮರುದಿನ ಮತ್ತೆ ಮಾಡು. ಮನೆ ಪತ್ರದ ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆ, ಬಂದಾಗ ತಗೊಂಡು ಹೋಗು.

ಅಳಿಯಂದಿರಿಗೆ ವಂದನೆ ಹೇಳು. ಪುಟ್ಟಿಗೆ ಮುತ್ತು.

ನಿನ್ನ ಅಮ್ಮ