ಎಪಿ ಸ್ಪ್ಯಾನಿಷ್ ಪರೀಕ್ಷೆಗೆಂದು ಒದಗಿಸಿದ ಟ್ಯೂಟರ್ ಸೇವೆಯ ಬಗ್ಗೆ ದೂರು ಮತ್ತು ಹಣ ಹಿಂದಿರುಗಿಸಲು ಕೋರಿಕೆ

ದಿನಾಂಕ: 17 ಮಾರ್ಚ್ 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನನ್ನ ಮಗಳು ಅಮೆರಿಕದ ಸರ್ಕಾರಿ ಹೈಸ್ಕೂಲೊಂದರಲ್ಲಿ 11ನೇ ಗ್ರೇಡ್ ಓದುತ್ತಿದ್ದಾಳೆ. ಬರುವ ಮೇ ತಿಂಗಳಲ್ಲಿ ಅವಳು ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಕಾಲೇಜು ಮಟ್ಟದಲ್ಲಿ ನಡೆಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಗಳಲ್ಲಿ ಒಂದಾದ ಎಪಿ ಸ್ಪ್ಯಾನಿಷ್ ಲ್ಯಾಂಗ್ವೇಜ್ ಅಂಡ್ ಕಲ್ಚರ್ ಪರೀಕ್ಷೆ ಬರೆಯಬೇಕಿದೆ. ಈ ಪರೀಕ್ಷೆಗೆ ತಯಾರು ಮಾಡಬಲ್ಲ ಟ್ಯೂಟರ್ ಬೇಕೆಂದು ಕಳೆದ ಸೆಪ್ಟೆಂಬರ್‌ನಲ್ಲಿ ನಿಮ್ಮ ಸಂಸ್ಥೆಗೆ 24 ಗಂಟೆಗಳ ಪಾಠಕ್ಕಾಗಿ, ಗಂಟೆಗೆ 65 ಡಾಲರಿನಂತೆ, 1,560 ಡಾಲರ್ ಮುಂಗಡ ಕಟ್ಟಿದ್ದೇನೆ. ಆರು ತಿಂಗಳು ಕಳೆದಿವೆ, ಪರೀಕ್ಷೆಗೆ ಎರಡು ತಿಂಗಳೂ ಉಳಿದಿಲ್ಲ, ನಾನು ಕೇಳಿದ ಟ್ಯೂಟರ್ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ. ನಿಮ್ಮ ಪ್ರತಿನಿಧಿ ಮೊದಲ ಕರೆಯಿಂದಲೂ ನನ್ನೊಡನೆ ಕನ್ನಡದಲ್ಲೇ ಮಾತಾಡಿದ್ದಾರೆ, ಆದ್ದರಿಂದ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೆ ಪ್ರಾಯೋಗಿಕ ಪಾಠದ ವಿಷಯ ಹೇಳಬೇಕು, ಏಕೆಂದರೆ ಅದನ್ನು ನೋಡಿಯೇ ನಾನು ಹಣ ಕಟ್ಟಿದ್ದು. ಸೆಪ್ಟೆಂಬರ್‌ನ ಆ ಸಂಜೆ ಪಾಠ ಮಾಡಿದ ಶಿಕ್ಷಕಿ ಹೈಸ್ಕೂಲಿನಲ್ಲಿ ಇದೇ ಕೋರ್ಸ್ ಕಲಿಸಿದ ಅನುಭವ ಉಳ್ಳವರು. ಅವರು ಬಂದ ಐದು ನಿಮಿಷಕ್ಕೇ ಮಗಳ ಮುಂದೆ ಸಂಭಾಷಣೆಯ ಪ್ರಶ್ನೆಯೊಂದನ್ನು ಇಟ್ಟು, ಪರೀಕ್ಷೆಯಲ್ಲಿ ಒಂದು ಉತ್ತರಕ್ಕೆ ಸಿಗುವಂತೆಯೇ ಟೈಮರ್‌ಗೆ 20 ಸೆಕೆಂಡ್ ಕೊಟ್ಟು, ಮಾತಾಡು ಎಂದರು. ಮಗಳು ಎಂಟು ಸೆಕೆಂಡಿಗೆ ಮಾತು ಮುಗಿಸಿ ಸುಮ್ಮನಾದಳು. ಉಳಿದ ಹನ್ನೆರಡು ಸೆಕೆಂಡ್ ಪರದೆಯ ಮೇಲೆ ಅಂಕಿಗಳು ಇಳಿಯುವುದನ್ನು ನಾವು ಮೂವರೂ ನೋಡುತ್ತ ಕೂತೆವು. ಆಮೇಲೆ ಅವರು ಬಹಳ ಶಾಂತವಾಗಿ, ನಿನ್ನ ವ್ಯಾಕರಣದಲ್ಲಿ ಕೊರತೆ ಇಲ್ಲ, ಈ ಹನ್ನೆರಡು ಸೆಕೆಂಡ್ ತುಂಬುವುದನ್ನು ಕಲಿತರೆ ಸಾಕು ಎಂದು ಹೇಳಿ, ಉತ್ತರಕ್ಕೆ ಒಂದು ಕಾರಣ, ಒಂದು ಉದಾಹರಣೆ, ಎದುರಿನವರಿಗೆ ಒಂದು ಮರುಪ್ರಶ್ನೆ ಸೇರಿಸುವುದು ಹೇಗೆಂದು ತೋರಿಸಿದರು. ಪಾಠ ಮುಗಿಯುವ ಹೊತ್ತಿಗೆ ಮಗಳು 18 ಸೆಕೆಂಡ್ ಮಾತಾಡುತ್ತಿದ್ದಳು. ಅದೇ ರಾತ್ರಿ ನಾನು ಪೂರ್ತಿ ಹಣ ಕಟ್ಟಿದೆ. ಆ ಶಿಕ್ಷಕಿಯನ್ನು ನಾವು ಮತ್ತೆ ನೋಡಲೇ ಇಲ್ಲ. ಅವರು ಪ್ರಾಯೋಗಿಕ ಪಾಠಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ ಎಂಬ ಸಂಗತಿ ನಮಗೆ ತಿಳಿದದ್ದು ಅಕ್ಟೋಬರ್‌ನಲ್ಲಿ, ಬೇರೊಬ್ಬರು ಪಾಠಕ್ಕೆ ಬಂದ ಮೇಲೆ. ಹಣ ಪಡೆಯುವ ಮುಂಚೆ ಇದನ್ನು ಹೇಳದೆ ಇದ್ದದ್ದು ನನ್ನ ದೂರಿನ ಮೊದಲ ಅಂಶ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 9 ಗಂಟೆ ಪಾಠ ಮಾಡಿದವರ ಮಾತೃಭಾಷೆಯೇ ಸ್ಪ್ಯಾನಿಷ್. ಅವರು ಸಜ್ಜನರು, ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಮಗಳನ್ನು ಒಂದು ದಿನವೂ ಗದರಲಿಲ್ಲ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಈ ಪರೀಕ್ಷೆ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದೆಯೇ ಎಂದು ನಿಮ್ಮ ಸಂಸ್ಥೆಯೂ ಅವರನ್ನು ಕೇಳಿರಲಿಲ್ಲ. ಪ್ರತಿ ಪಾಠದಲ್ಲೂ ಕ್ರಿಯಾಪದಗಳ ರೂಪ ಬರೆಸುವುದು, ಬಿಟ್ಟ ಸ್ಥಳ ತುಂಬಿಸುವುದು, ಇಷ್ಟೇ ನಡೆಯಿತು. ಈಗಿನ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ವ್ಯಾಕರಣದ ಪ್ರಶ್ನೆ ಒಂದೂ ಇಲ್ಲ. ಅಂಕಗಳಲ್ಲಿ ಅರ್ಧದಷ್ಟು, ಓದಿ ಮತ್ತು ಕೇಳಿ ಉತ್ತರಿಸುವ 65 ಬಹು ಆಯ್ಕೆಯ ಪ್ರಶ್ನೆಗಳಿಗೆ ಮೀಸಲು. ಉಳಿದರ್ಧ ನಾಲ್ಕು ಕೆಲಸಗಳಿಗೆ ಸಮನಾಗಿ ಹಂಚಿದೆ: ಒಂದು ಇಮೇಲಿಗೆ 15 ನಿಮಿಷದಲ್ಲಿ ಮರುತ್ತರ, ಮೂರು ಆಕರಗಳನ್ನು ಬಳಸಿ ಒಂದು ವಾದಪ್ರಬಂಧ, ಧ್ವನಿಮುದ್ರಿತ ವ್ಯಕ್ತಿಯೊಡನೆ ಐದು ಸುತ್ತಿನ ಸಂಭಾಷಣೆ, ಕೊನೆಗೆ ಎರಡು ನಿಮಿಷದ ಸಾಂಸ್ಕೃತಿಕ ಹೋಲಿಕೆಯ ಮಾತು. ಇದು ಗುಟ್ಟಿನ ವಿಷಯವಲ್ಲ, ಕಾಲೇಜ್ ಬೋರ್ಡ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. 9 ಗಂಟೆಗಳಲ್ಲಿ ಒಮ್ಮೆಯೂ ಮಗಳು ಗಡಿಯಾರ ಇಟ್ಟುಕೊಂಡು ಮಾತಾಡಲಿಲ್ಲ. ಸಾಂಸ್ಕೃತಿಕ ಹೋಲಿಕೆ ಎಂಬ ಪ್ರಶ್ನೆಯೊಂದಿದೆ ಎಂದು ಮಗಳೇ ಅವರಿಗೆ ತಿಳಿಸಬೇಕಾಯಿತು.

ಭಾಷೆ ಚೆನ್ನಾಗಿ ಬಲ್ಲವರು ಈ ಪರೀಕ್ಷೆಗೆ ತಾನೇ ತಾನಾಗಿ ತಯಾರು ಮಾಡಿಬಿಡುತ್ತಾರೆ ಎಂದು ನಿಮ್ಮ ಪ್ರತಿನಿಧಿ ಫೋನಿನಲ್ಲಿ ಎರಡು ಸಲ ಹೇಳಿದರು. ಅದು ಏಕೆ ಸರಿಯಲ್ಲ ಎಂಬುದಕ್ಕೆ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನವೆಂಬರ್‌ನಲ್ಲಿ ಮಗಳು ಅಭ್ಯಾಸಕ್ಕೆಂದು ಸ್ವಯಂಸೇವಾ ಸಂಸ್ಥೆಯ ನಿರ್ದೇಶಕಿಯೊಬ್ಬರ ಇಮೇಲಿಗೆ ಮರುತ್ತರ ಬರೆದಿದ್ದಳು. ಸಲುಗೆಯ 'ಓಲಾ' ಎಂದು ಶುರು ಮಾಡಿ, ಉದ್ದಕ್ಕೂ 'ತೂ' (ನೀನು) ರೂಪದಲ್ಲಿ, 'ಪೊದ್ರಿಯಾಸ್' (ನಿನಗೆ ಸಾಧ್ಯವೇ) ಎಂದೇ ಕೇಳುತ್ತ ಹೋಗಿದ್ದಳು. ಟ್ಯೂಟರ್ ಎರಡು ಅಕ್ಷರಗಳ ಮೇಲೆ ಒತ್ತುಚಿಹ್ನೆ ಹಾಕಿ, ಕೆಳಗೆ 'ಮುಯ್ ಬಿಯೆನ್' (ತುಂಬಾ ಚೆನ್ನಾಗಿದೆ) ಎಂದು ಬರೆದು ಕಳಿಸಿದರು. ಅವರ ದಿನಬಳಕೆಯ ಮಾತಿನಲ್ಲಿ ಅದು ತಪ್ಪಲ್ಲದಿರಬಹುದು. ಆದರೆ ಈ ಪ್ರಶ್ನೆಯಲ್ಲಿ ಪರೀಕ್ಷಕರು ಗೌರವದ ರೂಪವನ್ನೂ ಉತ್ತರದ ಪೂರ್ಣತೆಯನ್ನೂ ನೋಡುತ್ತಾರೆ: 'ಎಸ್ತಿಮಾದಾ' (ಮಾನ್ಯರೇ) ಎಂಬ ಸಂಬೋಧನೆ, 'ಉಸ್ತೆದ್' (ತಾವು) ರೂಪದ 'ಪೊದ್ರಿಯಾ', ಕೇಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ, ನಮ್ಮ ಕಡೆಯಿಂದ ಇನ್ನಷ್ಟು ವಿವರ ಕೇಳುವ ಒಂದು ಮಾತು, ಔಪಚಾರಿಕ ಮುಕ್ತಾಯ. ಕನ್ನಡ ಮಾತಾಡುವ ಮನೆಯ ಹುಡುಗಿಗೆ ಇದನ್ನು ಕಲಿಸುವುದು ಎಷ್ಟು ಸುಲಭವಿತ್ತು! ಊರಿನ ಹಿರಿಯರಿಗೆ 'ನೀನು' ಎಂದು ಬರೆಯುತ್ತೀಯಾ ಎಂದು ನಾನು ಒಂದೇ ಮಾತು ಕೇಳಿದ್ದಕ್ಕೆ ಅವಳು ನಾಲಗೆ ಕಚ್ಚಿಕೊಂಡು ಇಡೀ ಪತ್ರವನ್ನು ಹೊಸದಾಗಿ ಬರೆದಳು. ಸ್ಪ್ಯಾನಿಷ್‌ನ ಒಂದಕ್ಷರ ಬಾರದ ತಾಯಿ ತಿದ್ದಬಹುದಾದ ತಪ್ಪನ್ನು ತಿದ್ದಿಸಲು ನಾನು ಗಂಟೆಗೆ 65 ಡಾಲರ್ ಕೊಟ್ಟಿರಲಿಲ್ಲ.

ಪ್ರಬಂಧದ್ದೂ ಇದೇ ಕತೆ. ಅದರಲ್ಲಿ ಒಂದು ಲೇಖನ, ಒಂದು ಕೋಷ್ಟಕ ಅಥವಾ ನಕ್ಷೆ, ಎರಡು ಸಲ ಕೇಳಿಸುವ ಒಂದು ಧ್ವನಿಮುದ್ರಿಕೆ ಇರುತ್ತವೆ, ಮೂರನ್ನೂ ಬಳಸಿ ತನ್ನ ವಾದವನ್ನು ಕಟ್ಟಬೇಕು. ಮಗಳು ಡಿಸೆಂಬರ್‌ನಲ್ಲಿ ಬರೆದ ಪ್ರಬಂಧದಲ್ಲಿ ಧ್ವನಿಮುದ್ರಿಕೆಯ ಪ್ರಸ್ತಾಪವೇ ಇರಲಿಲ್ಲ. ಟ್ಯೂಟರ್ ವ್ಯಾಕರಣ ತಿದ್ದಿ, ಬಹಳ ಒಳ್ಳೆಯದು ಎಂದರು. ಅದೇ ಪ್ರಬಂಧವನ್ನು ಶಾಲೆಯ ಶಿಕ್ಷಕರು ಪರೀಕ್ಷೆಯ ಅಳತೆಗೋಲಿನಲ್ಲಿ ತೂಗಿ 5ಕ್ಕೆ 2 ಕೊಟ್ಟರು. ಮಗಳು ಆ ಹಾಳೆಯನ್ನು ಎರಡು ದಿನ ನನಗೆ ತೋರಿಸದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು.

ಇನ್ನು ಕೇಳಿ ಅರ್ಥ ಮಾಡಿಕೊಳ್ಳುವ ಭಾಗ. ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳೂ ಈ ಪರೀಕ್ಷೆಯನ್ನು ದೊಡ್ಡ ಸಂಖ್ಯೆಯಲ್ಲಿ ಬರೆಯುತ್ತಾರೆ. ಹಾಗಾಗಿಯೇ ಕಾಲೇಜ್ ಬೋರ್ಡ್ ಫಲಿತಾಂಶದ ಅಂಕಿಅಂಶ ಕೊಡುವಾಗ ತರಗತಿಯಲ್ಲಿ ಮಾತ್ರ ಭಾಷೆ ಕಲಿತವರ ಲೆಕ್ಕವನ್ನು ಬೇರೆಯಾಗಿಯೂ ತೋರಿಸುತ್ತದೆ. ನನ್ನ ಮಗಳು ಆ ಎರಡನೆಯ ಗುಂಪಿನವಳು, ಮನೆಯಲ್ಲಿ ಅವಳ ಕಿವಿಗೆ ಬೀಳುವುದು ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ಇದನ್ನು ನಿಮ್ಮ ಅರ್ಜಿಯಲ್ಲಿ ನಾನು ಸ್ಪಷ್ಟವಾಗಿ ಬರೆದಿದ್ದೆ. ಪರೀಕ್ಷೆಯ ಧ್ವನಿಮುದ್ರಿಕೆಗಳು ಬೇರೆ ಬೇರೆ ದೇಶಗಳ ಉಚ್ಚಾರದಲ್ಲಿರುತ್ತವೆ. 'ಗ್ರಾಸಿಯಾಸ್' (ಧನ್ಯವಾದ) ಎಂದು ಕಲಿತವಳಿಗೆ ಸ್ಪೇನಿನ 'ಗ್ರಾಥಿಯಾಸ್' ಹೊಸದು, 'ಯೋ' (ನಾನು) ಎಂದು ಕಲಿತವಳಿಗೆ ಬ್ಯೂನಸ್ ಐರಿಸ್‌ನವರ 'ಶೋ' ಬೇರೆಯೇ ಪದದಂತೆ ಕೇಳಿಸುತ್ತದೆ, ಕ್ಯಾರಿಬಿಯನ್ ಕಡೆಯವರು ಪದದ ಕೊನೆಯ 'ಸ್' ನುಂಗಿದರೆ ಏಕವಚನವೋ ಬಹುವಚನವೋ ತಿಳಿಯದೆ ತಬ್ಬಿಬ್ಬಾಗುತ್ತಾಳೆ. ವಾರಕ್ಕೆ ಹದಿನೈದು ನಿಮಿಷ ಬೇರೆ ಬೇರೆ ದೇಶದವರ ದನಿ ಕೇಳಿಸಿದ್ದರೂ ಅಷ್ಟರಮಟ್ಟಿಗೆ ಕಿವಿ ಪಳಗುತ್ತಿತ್ತು. ಹಾಗೆ ಕೇಳಿಸಿ ಎಂದದ್ದಕ್ಕೆ ಆ ಮೊದಲ ಟ್ಯೂಟರ್ ಕೊಟ್ಟ ಉತ್ತರ, ನನ್ನ ಉಚ್ಚಾರ ಸ್ಪಷ್ಟವಾಗಿದೆ, ಅದನ್ನೇ ಅನುಸರಿಸಿದರೆ ಸಾಕು ಎಂಬುದು.

ಬದಲಿ ಟ್ಯೂಟರ್ ಬೇಕೆಂದು ಡಿಸೆಂಬರ್‌ನಲ್ಲಿ ಬರೆದೆ. ಜನವರಿಯಲ್ಲಿ ಬಂದ ಎರಡನೆಯವರು ನಿಜಕ್ಕೂ ಎಪಿ ಪರೀಕ್ಷೆಯನ್ನು ಬಲ್ಲವರು. ಆದರೆ ಅವರು ಬಲ್ಲದ್ದು ಎಪಿ ಸ್ಪ್ಯಾನಿಷ್ ಲಿಟರೇಚರ್ ಅಂಡ್ ಕಲ್ಚರ್ ಪರೀಕ್ಷೆಯನ್ನು. ಅದಕ್ಕೆ 38 ಕೃತಿಗಳ ಕಡ್ಡಾಯ ಪಟ್ಟಿ ಇದೆ, ಮಧ್ಯಯುಗದಿಂದ ಇಂದಿನವರೆಗಿನ ಕವಿತೆ, ನಾಟಕ, ಕಥೆಗಳ ವಿಶ್ಲೇಷಣೆ ಇದೆ. ಅದು ಬೇರೆ ಕೋರ್ಸ್, ಬೇರೆ ಪ್ರಶ್ನೆಪತ್ರಿಕೆ. ಹೆಸರಿನ ಒಂದು ಪದ ನೋಡದೆ ನೀವು ಅವರನ್ನು ಕಳಿಸಿದಿರಿ. ಮೂರು ಗಂಟೆ ಕಾಲ ಮಗಳು ತನ್ನ ಪರೀಕ್ಷೆಯಲ್ಲಿ ಬರದ ಸಾನೆಟ್ಟುಗಳ ಪ್ರಾಸ ಗುರುತಿಸುತ್ತ ಕೂತಳು. ಕೊನೆಗೆ ತಪ್ಪನ್ನು ಗುರುತಿಸಿ ನಿಮಗೆ ತಿಳಿಸಿದವರೂ ಆ ಶಿಕ್ಷಕರೇ, ಅದಕ್ಕಾಗಿ ಅವರಿಗೆ ನಾನು ಋಣಿ. ಆ ಮೂರು ಗಂಟೆಗಳನ್ನೂ ನೀವು ನಮ್ಮ ಲೆಕ್ಕದಿಂದಲೇ ಕಳೆದಿದ್ದೀರಿ.

ಇದರ ಜೊತೆಗೆ ನಿಮ್ಮ ಸಂಸ್ಥೆಯ ವಿಶೇಷ ಅಭ್ಯಾಸ ಪುಸ್ತಿಕೆ ಎಂದು 75 ಡಾಲರಿಗೆ ಮಾರಿದ ಕಡತವನ್ನೂ ಹೇಳಲೇಬೇಕು. ಅದರಲ್ಲಿರುವುದು ಹಿಂದಿನ ವರ್ಷಗಳ ಬರವಣಿಗೆ ಮತ್ತು ಮಾತಿನ ಪ್ರಶ್ನೆಗಳು. ಅವೇ ಪ್ರಶ್ನೆಗಳನ್ನು ಕಾಲೇಜ್ ಬೋರ್ಡ್ ಅಂಕ ಕೊಡುವ ಮಾರ್ಗಸೂಚಿ ಮತ್ತು ವಿದ್ಯಾರ್ಥಿಗಳ ಮಾದರಿ ಉತ್ತರಗಳ ಸಮೇತ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ನಿಮ್ಮ ಪುಸ್ತಿಕೆಯಲ್ಲಿ ಮಾರ್ಗಸೂಚಿ, ಮಾದರಿ ಉತ್ತರಗಳನ್ನು ಬಿಟ್ಟಿದ್ದೀರಿ, ಅಂದರೆ ಉಚಿತವಾಗಿ ಸಿಗುವುದಕ್ಕಿಂತ ಕಡಿಮೆ ಕೊಟ್ಟು ಹಣ ಪಡೆದಿದ್ದೀರಿ.

ಫೆಬ್ರವರಿಯಲ್ಲಿ ನಾನು ಮೂರು ಇಮೇಲ್ ಕಳಿಸಿದೆ. ಮಾರ್ಚ್ 10ರಂದು ಬಂದ ಉತ್ತರದಲ್ಲಿ, ಸದ್ಯಕ್ಕೆ ಸೂಕ್ತ ಟ್ಯೂಟರ್ ಲಭ್ಯವಿಲ್ಲ, ಉಳಿದ ಗಂಟೆಗಳನ್ನು ಜೂನ್ ನಂತರ ಯಾವುದೇ ವಿಷಯಕ್ಕೆ ಬಳಸಿಕೊಳ್ಳಬಹುದು ಎಂದಿದೆ. ಪರೀಕ್ಷೆ ಇರುವುದು ಮೇ ತಿಂಗಳಲ್ಲಿ. ನವೆಂಬರ್‌ನಲ್ಲೇ ಶಾಲೆಯ ಮೂಲಕ ಪರೀಕ್ಷೆಗೆ ನೋಂದಾಯಿಸಿಯಾಗಿದೆ. ಜೂನ್‌ನಲ್ಲಿ ಸಿಗುವ ಟ್ಯೂಟರಿನಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ. ಬೇರೆ ವಿಷಯಕ್ಕೆ ಟ್ಯೂಟರ್ ಬೇಕೆಂದು ನಾವು ಕೇಳಿಯೂ ಇಲ್ಲ.

ಈ ನಡುವೆ ಶಾಲೆಯ ಶಿಕ್ಷಕರ ಮೂಲಕ ನಿವೃತ್ತ ಅಧ್ಯಾಪಕಿಯೊಬ್ಬರು ಸಿಕ್ಕಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಹೈಸ್ಕೂಲು, ಕಾಲೇಜುಗಳ ಅಧ್ಯಾಪಕರು ಸೇರಿ ಎಪಿ ಉತ್ತರಗಳಿಗೆ ಅಂಕ ಕೊಡುತ್ತಾರಲ್ಲ, ಆ ಕೆಲಸವನ್ನು ಅವರು ಹಲವು ವರ್ಷ ಮಾಡಿದವರು. ಮೊದಲ ಕರೆಯಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗಳು ನಾಲ್ಕೇ: ಲ್ಯಾಂಗ್ವೇಜ್ ಪರೀಕ್ಷೆಯೋ ಲಿಟರೇಚರ್ ಪರೀಕ್ಷೆಯೋ, ಮನೆಯಲ್ಲಿ ಸ್ಪ್ಯಾನಿಷ್ ಕೇಳುತ್ತಾಳೆಯೋ, ಶಾಲೆಯಲ್ಲಿ ಕೋರ್ಸ್ ನಡೆಯುತ್ತಿದೆಯೋ ಅಥವಾ ಸ್ವಂತವಾಗಿ ಓದುತ್ತಿದ್ದಾಳೆಯೋ, ನಾಲ್ಕು ಕೆಲಸಗಳಲ್ಲಿ ಯಾವುದಕ್ಕೆ ಹೆದರುತ್ತಾಳೆ. ಎರಡು ನಿಮಿಷ ಹಿಡಿಯಿತು. ನಿಮ್ಮ ಎರಡು ಪುಟದ ಅರ್ಜಿಯಲ್ಲಿ ಪಾಠಕ್ಕೆ ಅನುಕೂಲವಾದ ದಿನ, ಹಣ ಕಟ್ಟುವ ಬಗೆ, ನಿಮ್ಮ ಸಂಸ್ಥೆಯ ಬಗ್ಗೆ ಎಲ್ಲಿಂದ ತಿಳಿಯಿತು ಎಂಬುದೆಲ್ಲ ಇದೆ, ಈ ನಾಲ್ಕರಲ್ಲಿ ಒಂದೂ ಇಲ್ಲ. ಮನೆಭಾಷೆಯ ಮಾತನ್ನು ನಾನೇ 'ಇತರ ವಿವರ' ಎಂಬ ಕಡೆ ಸೇರಿಸಿದ್ದೆ, ಅದನ್ನು ಯಾರೂ ಓದಿದಂತೆ ಕಾಣಲಿಲ್ಲ.

ನನ್ನ ಕೋರಿಕೆ ಹೀಗಿದೆ. ಬಳಸದೆ ಉಳಿದ 12 ಗಂಟೆಗಳ 780 ಡಾಲರ್, ತಪ್ಪು ಪರೀಕ್ಷೆಗೆ ಪಾಠ ನಡೆದ 3 ಗಂಟೆಗಳ 195 ಡಾಲರ್, ಪುಸ್ತಿಕೆಯ 75 ಡಾಲರ್, ಒಟ್ಟು 1,050 ಡಾಲರನ್ನು ನಾನು ಹಣ ಕಟ್ಟಿದ ಕಾರ್ಡಿಗೇ ಹಿಂದಿರುಗಿಸಬೇಕು. ಮೊದಲ ಟ್ಯೂಟರ್ ಕಲಿಸಿದ 9 ಗಂಟೆಗಳ ಹಣವನ್ನು ನಾನು ಕೇಳುತ್ತಿಲ್ಲ, ಏಕೆಂದರೆ ಅವರು ಕಲಿಸಿದ ಕ್ರಿಯಾಪದದ ರೂಪಗಳು ಮಗಳಿಗೆ ಉಳಿದಿವೆ, ಅವರ ದುಡಿಮೆಯ ಸಂಬಳಕ್ಕೆ ಕೈಹಾಕುವ ಮನಸ್ಸೂ ನನಗಿಲ್ಲ. ಪ್ರಾಯೋಗಿಕ ಪಾಠ ಮಾಡುವವರೇ ಮುಂದೆ ಕಲಿಸುತ್ತಾರೋ ಇಲ್ಲವೋ ಎಂಬುದನ್ನು ಹಣ ಪಡೆಯುವ ಮುಂಚೆ ಬರವಣಿಗೆಯಲ್ಲಿ ತಿಳಿಸುವ ಏರ್ಪಾಡನ್ನೂ, ಅಧ್ಯಾಪಕಿ ಕೇಳಿದ ಆ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಅರ್ಜಿಯಲ್ಲಿ ಸೇರಿಸುವುದನ್ನೂ ಕೋರುತ್ತೇನೆ. ಮುಂದಿನ ವರ್ಷ ನನ್ನಂತೆಯೇ ಸ್ಪ್ಯಾನಿಷ್ ಬಾರದ ಬೇರೆ ತಂದೆತಾಯಿಯರು ನಿಮ್ಮನ್ನೇ ನಂಬಿ ಕರೆ ಮಾಡುತ್ತಾರೆ.

ಪ್ರಾಯೋಗಿಕ ಪಾಠದ ದಿನಾಂಕ, ಹಣ ಪಾವತಿಯ ರಸೀದಿ, ಶಾಲೆಯ ಶಿಕ್ಷಕರು ಅಂಕ ಕೊಟ್ಟ ಪ್ರಬಂಧದ ಪ್ರತಿ, ಎರಡನೆಯ ಟ್ಯೂಟರ್ ತಪ್ಪನ್ನು ಒಪ್ಪಿ ನಿಮಗೂ ನನಗೂ ಕಳಿಸಿದ ಇಮೇಲ್ ಇವನ್ನು ಲಗತ್ತಿಸಿದ್ದೇನೆ. ಮಾರ್ಚ್ 31ರೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಈ ಪಾವತಿಯನ್ನು ಪ್ರಶ್ನಿಸುತ್ತೇನೆ ಮತ್ತು ನಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಸಲ್ಲಿಸುತ್ತೇನೆ. ಫೋನ್ ಕರೆ ಬೇಡ, ಉತ್ತರ ಬರವಣಿಗೆಯಲ್ಲೇ ಇರಲಿ. ಸಂಜೆ ಆರರಿಂದ ಏಳರವರೆಗೆ ಮಗಳು ಅದೇ ಫೋನಿನಲ್ಲಿ 20 ಸೆಕೆಂಡಿನ ಟೈಮರ್ ಇಟ್ಟುಕೊಂಡು ಸಂಭಾಷಣೆ ಅಭ್ಯಾಸ ಮಾಡುತ್ತಿರುತ್ತಾಳೆ.

ಇಂತಿ,
ವಿದ್ಯಾರ್ಥಿನಿಯ ತಾಯಿ